ಮುಕ್ತ ತಂತ್ರಾಂಶ ಮನೆ ಬದಲಿಸುವಾಗ

ನಮ್ಮ ಊರು ಕೊಹಿನೂರ. ಬಸವಕಲ್ಯಾಣ ತಾಲ್ಲೂಕಿಗೆ ಸೇರಿದುದು. ಅಲ್ಲಿ ನಮ್ಮ ತಂದೆಯವರೂ ಕಾಕಾನವರೂ ಬೇರೆಯಾದ ವರ್ಷ ನಾನು ಎಂಟನೆಯ ತರಗತಿಯಲ್ಲಿದ್ದೆ. ಊರ ಹಿರಿಯರು ಕೂಡಿ ಹೊಲವನ್ನು ಎರಡು ಪಾಲು ಮಾಡಿದರು. ತೊಗರಿಯ ರಾಶಿ, ಎತ್ತು, ಹಿತ್ತಾಳೆಯ ಕೊಡಗಳು ಎಲ್ಲವೂ ಸಂಜೆಯೊಳಗಾಗಿ ಹಂಚಿ ಮುಗಿದವು. ಬಾವಿಯೊಂದನ್ನು ಮಾತ್ರ ಹಂಚಲು ಬರುವಂತಿರಲಿಲ್ಲ. ಆದುದರಿಂದ ದಿನ ಬಿಟ್ಟು ದಿನ ಸರದಿಯಂತೆ ನೀರು ಹಾಯಿಸಬೇಕೆಂದು ತೀರ್ಮಾನವಾಯಿತು. ಆದರೆ ಪಂಪಿನ ಮೀಟರು ಕಾಕಾನವರ ಹೆಸರಿನಲ್ಲಿದೆ, ಪಂಪಿನ ಕೋಣೆಯ ಕೀಲಿಕೈಯೂ ಅವರಲ್ಲಿಯೇ ಇದೆ ಎಂಬುದು ಅಂದು ಯಾರಿಗೂ ಹೊಳೆಯಲಿಲ್ಲ. ಮುಂದಿನ ಬೇಸಿಗೆಯಲ್ಲಿ ಸಣ್ಣದೊಂದು ಕಾರಣಕ್ಕೆ ಮಾತಿಗೆ ಮಾತು ಬೆಳೆದು ಆ ಕೋಣೆಗೆ ಕೀಲಿ ಬಿದ್ದಿತು. ನಮ್ಮ ಪಾಲಿನ ಕಬ್ಬು ಹನ್ನೆರಡು ದಿನ ಒಣಗಿತು. ಆಗ ನಮ್ಮ ಮುತ್ಯಾ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: “ನೀರ ಎಲ್ಲಾರ್ದೂ ಅದ, ಕೀಲಿಕೈ ಒಬ್ಬನ ಕೈಯಾಗ ಅದ. ಹಂಚೂ ದಿನಾ ಇದನ್ನ ಕೇಳಬೇಕಿತ್ತು.”

ಗಣಕಯಂತ್ರದ ವಿಷಯವಾಗಿ ಬರೆಯಹೊರಟವನು ಬಾವಿಯ ಕಥೆಯನ್ನೇಕೆ ಹೇಳುತ್ತಾನೆಂದು ಗುರುಗಳೂ ಮಿತ್ರರೂ ಆಶ್ಚರ್ಯಪಡಬಹುದು. ಆದರೆ ಜಗತ್ತಿನ ದೊಡ್ಡದೊಂದು ಮುಕ್ತ ತಂತ್ರಾಂಶವು ತನ್ನ ಹಳೆಯ ಯಜಮಾನನನ್ನು ಬಿಟ್ಟು ಹೊಸ ಪ್ರತಿಷ್ಠಾನದ ಆಶ್ರಯಕ್ಕೆ ಬಂದ ಇತಿಹಾಸವನ್ನು ಓದಿದಾಗ ನನಗೆ ಮೊದಲು ನೆನಪಾದುದು ಮುತ್ಯಾನ ಈ ಮಾತೇ. ಆ ಇತಿಹಾಸವನ್ನೂ ಅದರಿಂದ ನಾವು ಕಲಿಯಬೇಕಾದುದನ್ನೂ ತಿಳಿದಮಟ್ಟಿಗೆ ವಿವರಿಸುವುದೇ ಈ ಲೇಖನದ ಉದ್ದೇಶ.

ಮುಕ್ತ ತಂತ್ರಾಂಶವೆಂದರೇನು?

ಗಣಕಯಂತ್ರವು ಏನು ಮಾಡಬೇಕೆಂಬುದನ್ನು ಹಂತಹಂತವಾಗಿ ಬರೆದಿಟ್ಟ ಆಜ್ಞೆಗಳ ಸಮೂಹವೇ ತಂತ್ರಾಂಶ. ಆ ಆಜ್ಞೆಗಳನ್ನು ಮನುಷ್ಯರು ಓದಿ ತಿದ್ದಬಲ್ಲ ರೂಪದಲ್ಲಿ ಬರೆದುದನ್ನು ಮೂಲಬರಹವೆನ್ನೋಣ. ಅನೇಕ ಕಂಪನಿಗಳು ತಂತ್ರಾಂಶವನ್ನು ಮಾರುತ್ತವೆಯೇ ಹೊರತು ಮೂಲಬರಹವನ್ನು ತೋರಿಸುವುದಿಲ್ಲ. ಮುಕ್ತ ತಂತ್ರಾಂಶದಲ್ಲಿ ಹಾಗಲ್ಲ. ಅದರ ಜೊತೆಯಲ್ಲಿ ಒಂದು ಪರವಾನಗಿ ಪತ್ರವಿರುತ್ತದೆ. ಯಾರು ಬೇಕಾದರೂ ಬಳಸಬಹುದು, ಮೂಲಬರಹವನ್ನು ಓದಿ ತಿದ್ದಬಹುದು, ಪ್ರತಿ ಮಾಡಿ ಇತರರಿಗೆ ಕೊಡಬಹುದು, ತಿದ್ದಿದ ಪ್ರತಿಯನ್ನೂ ಹಂಚಬಹುದು ಎಂದು ಆ ಪತ್ರವು ಹೇಳುತ್ತದೆ. ಒಮ್ಮೆ ಕೊಟ್ಟ ಈ ಹಕ್ಕನ್ನು, ಪತ್ರದ ಷರತ್ತುಗಳನ್ನು ಪಾಲಿಸುವವರೆಗೆ, ಕೊಟ್ಟವನೂ ಹಿಂದಕ್ಕೆ ಪಡೆಯಲಾರನು.

ಇಂತಹ ತಂತ್ರಾಂಶವನ್ನು ಬೆಳೆಸುವವರು ಹಲವು ದೇಶಗಳಲ್ಲಿ ಚದುರಿರುತ್ತಾರೆ. ಒಬ್ಬರ ಮುಖವನ್ನು ಒಬ್ಬರು ನೋಡಿರುವುದಿಲ್ಲ. ಆದರೂ ಕೆಲವು ಕೆಲಸಗಳಿಗೆ ಒಂದು ಮನೆ ಬೇಕೇ ಬೇಕು. ಮೂಲಬರಹವನ್ನಿಡುವ ಯಂತ್ರದ ಬಾಡಿಗೆ ಕಟ್ಟಬೇಕು. ದೇಣಿಗೆಯ ಹಣಕ್ಕೆ ಲೆಕ್ಕವಿಡಬೇಕು. ತಂತ್ರಾಂಶದ ಹೆಸರು ಕಾಯಿದೆಯ ಪ್ರಕಾರ ಯಾರದಾದರೂ ಒಡೆತನದಲ್ಲಿರಬೇಕು. ತಕರಾರು ಬಂದರೆ ನ್ಯಾಯಾಲಯದಲ್ಲಿ ಉತ್ತರ ಹೇಳಬೇಕು. ಇದಕ್ಕಾಗಿ ಕೆಲವು ತಂತ್ರಾಂಶಗಳು ಕಂಪನಿಯೊಂದರ ಆಶ್ರಯದಲ್ಲಿರುತ್ತವೆ. ಮತ್ತೆ ಕೆಲವು, ಲಾಭದ ಉದ್ದೇಶವಿಲ್ಲದ ಪ್ರತಿಷ್ಠಾನದ ಆಶ್ರಯದಲ್ಲಿರುತ್ತವೆ. ಅಮೆರಿಕದಲ್ಲಿ ೧೯೯೯ರಲ್ಲಿ ಸ್ಥಾಪಿತವಾದ ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ ಅಂತಹ ಪ್ರತಿಷ್ಠಾನಗಳಲ್ಲಿ ಪ್ರಸಿದ್ಧವಾದುದು. ಕಂಪನಿಯ ಮನೆಯಲ್ಲಿ ಹಣಕ್ಕೆ ಕೊರತೆಯಿಲ್ಲ. ಆದರೆ ಕಂಪನಿ ಮಾರಾಟವಾದರೆ ಮನೆಯೊಡೆಯನು ಬದಲಾಗುತ್ತಾನೆ.

ಕಲ್ಯಾಣದ ನ್ಯಾಯಶಾಸ್ತ್ರ

ಇಲ್ಲಿ ನಮ್ಮ ಸೀಮೆಯ ಒಂದು ಹಳೆಯ ಗ್ರಂಥವನ್ನು ನೆನೆಯುವುದು ಅಪ್ರಸ್ತುತವಾಗಲಾರದು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನು (೧೦೭೬–೧೧೨೬) ಕಲ್ಯಾಣದಲ್ಲಿ ಆಳುತ್ತಿದ್ದಾಗ ಅವನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಆಸ್ತಿಯ ವಿಭಾಗವನ್ನು ಕುರಿತ ಅದರ ಭಾಗವು ಬಂಗಾಳವನ್ನು ಬಿಟ್ಟು ಭಾರತದ ಬಹುಭಾಗದಲ್ಲಿ ಹಿಂದೂ ಕಾಯಿದೆಗೆ ಆಧಾರವಾಯಿತು. ಬಂಗಾಳದಲ್ಲಿ ಜೀಮೂತವಾಹನನ ‘ದಾಯಭಾಗ’ ಪ್ರಮಾಣವಾಗಿತ್ತು. ಇವೆರಡಕ್ಕೂ ಇರುವ ಮುಖ್ಯ ಭೇದವನ್ನು ಹೀಗೆ ಹೇಳಬಹುದು. ದಾಯಭಾಗದ ಪ್ರಕಾರ ತಂದೆ ತೀರಿಕೊಂಡ ಮೇಲೆಯೇ ಮಗನಿಗೆ ಹಕ್ಕು. ಮಿತಾಕ್ಷರದ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು. ಮೊದಲನೆಯದನ್ನು ಉಪರಮಸ್ವತ್ವವೆಂದೂ ಎರಡನೆಯದನ್ನು ಜನ್ಮಸ್ವತ್ವವೆಂದೂ ಪಂಡಿತರು ಕರೆಯುತ್ತಾರೆ. ಗಂಡುಮಕ್ಕಳಿಗಷ್ಟೇ ಇದ್ದ ಈ ಜನ್ಮದ ಹಕ್ಕನ್ನು ೨೦೦೫ರ ತಿದ್ದುಪಡಿ ಕಾಯಿದೆಯು ದೇಶದ ಹೆಣ್ಣುಮಕ್ಕಳಿಗೂ ವಿಸ್ತರಿಸಿತು.

ಮುಕ್ತ ತಂತ್ರಾಂಶದ ಪರವಾನಗಿ ಪತ್ರವು ನನಗೆ ಮಿತಾಕ್ಷರದಂತೆ ಕಾಣುತ್ತದೆ. ಪ್ರತಿ ಕೈಗೆ ಬಂದ ಕ್ಷಣದಲ್ಲಿಯೇ ಬಳಕೆದಾರನಿಗೆ ಹಕ್ಕು ಬರುತ್ತದೆ. ಯಜಮಾನನ ಮರಣವನ್ನಾಗಲಿ ಅನುಮತಿಯನ್ನಾಗಲಿ ಅವನು ಕಾಯಬೇಕಾಗಿಲ್ಲ. ಆದರೆ ಮಿತಾಕ್ಷರವು ಇನ್ನೊಂದು ಮಾತನ್ನೂ ಹೇಳುತ್ತದೆ: ಕುಟುಂಬದ ಆಸ್ತಿಗೆ ಹಾನಿಯಿಲ್ಲದೆ ಒಬ್ಬನು ತಾನೇ ಸಂಪಾದಿಸಿದುದು ಪಾಲಿಗೆ ಬರುವುದಿಲ್ಲ. ತಂತ್ರಾಂಶದ ವಿಷಯದಲ್ಲಿಯೂ ಹಾಗೆಯೇ. ಮೂಲಬರಹವು ಒಟ್ಟುಕುಟುಂಬದ ಹೊಲವಾದರೆ, ಹೆಸರು ಯಜಮಾನನ ಸ್ವಯಾರ್ಜಿತ. ಈ ಭೇದವನ್ನು ಮರೆತವರು ಕಷ್ಟಪಟ್ಟರೆಂಬುದನ್ನು ಮುಂದೆ ನೋಡೋಣ.

ಒಂದು ಕಚೇರಿ ತಂತ್ರಾಂಶದ ಕಥೆ

ಜರ್ಮನಿಯಲ್ಲಿ ೧೯೮೫ರಲ್ಲಿ ಮಾರ್ಕೊ ಬೋರಿಸ್ ಎಂಬ ಹದಿಹರೆಯದ ತರುಣನು ಸ್ಟಾರ್ ಡಿವಿಷನ್ ಎಂಬ ಕಂಪನಿಯನ್ನು ಕಟ್ಟಿದನು. ಪತ್ರ ಬರೆಯಲು, ಲೆಕ್ಕದ ಕೋಷ್ಟಕಗಳನ್ನು ಮಾಡಲು ಬರುವ ‘ಸ್ಟಾರ್ ಆಫೀಸ್’ ಅದರ ಮುಖ್ಯ ತಂತ್ರಾಂಶ. ೧೯೯೯ರಲ್ಲಿ ಅಮೆರಿಕದ ಸನ್ ಮೈಕ್ರೊಸಿಸ್ಟಮ್ಸ್ ಆ ಕಂಪನಿಯನ್ನು ಕೊಂಡು, ೨೦೦೦ದ ಅಕ್ಟೋಬರ್ ತಿಂಗಳಲ್ಲಿ ಅದರ ಮೂಲಬರಹವನ್ನು ಲೋಕಕ್ಕೆ ತೆರೆದಿಟ್ಟಿತು. ‘ಓಪನ್ ಆಫೀಸ್’ ಎಂಬ ಮುಕ್ತ ತಂತ್ರಾಂಶವು ಹುಟ್ಟಿದುದು ಹೀಗೆ. ಅದರ ಆಜ್ಞಾಪಟ್ಟಿಗಳನ್ನು ಅನೇಕ ಭಾಷೆಗಳಿಗೆ ಸ್ವಯಂಸೇವಕರು ಅನುವಾದಿಸಿದರು. ಕನ್ನಡವೂ ಅವುಗಳಲ್ಲಿ ಒಂದು.

ಆದರೆ ಸನ್ ಕಂಪನಿ ಒಂದು ಕರಾರು ಹಾಕಿತ್ತು. ಹೊರಗಿನವರು ಬರೆದುಕೊಟ್ಟ ಬರಹದ ಕೃತಿಸ್ವಾಮ್ಯದಲ್ಲಿ ತನಗೂ ಜಂಟಿ ಹಕ್ಕನ್ನು ಅವರು ಬರೆದುಕೊಡಬೇಕು. ಕಂಪನಿ ಸ್ನೇಹದಿಂದಿದ್ದವರೆಗೆ ಇದು ಬರಿಯ ಕಾಗದವಾಗಿ ತೋರಿತು. ೨೦೧೦ರ ಜನವರಿಯಲ್ಲಿ ಸನ್ ಕಂಪನಿಯನ್ನೇ ಆರಕಲ್ ಕಂಪನಿ ಕೊಂಡಿತು. ಮನೆಯೊಡೆಯನು ಬದಲಾದನು. ಅದೇ ವರ್ಷ ಸನ್‌ನ ಇನ್ನೊಂದು ಮುಕ್ತ ಯೋಜನೆಯಾದ ಓಪನ್ ಸೊಲಾರಿಸ್‌ಗೆ ಆರಕಲ್‌ನ ಬೆಂಬಲ ನಿಂತುಹೋಗಿ, ಆಗಸ್ಟ್‌ನಲ್ಲಿ ಅದರ ಆಡಳಿತ ಮಂಡಳಿಯು ರಾಜೀನಾಮೆ ಕೊಟ್ಟಿತು. ನಾಳೆ ನಮ್ಮ ಗತಿಯೂ ಇದೇ ಆದೀತೆಂದು ಓಪನ್ ಆಫೀಸಿನ ಕೆಲಸಗಾರರು ಚಿಂತಿಸಿದುದು ಸಹಜವೇ.

೨೦೧೦ರ ಸೆಪ್ಟೆಂಬರ್ ೨೮ರಂದು ಅವರಲ್ಲಿ ಅನೇಕರು ‘ದಿ ಡಾಕ್ಯುಮೆಂಟ್ ಫೌಂಡೇಶನ್’ ಎಂಬ ಸ್ವತಂತ್ರ ಪ್ರತಿಷ್ಠಾನವನ್ನು ಸಾರಿದರು. ತಾವೂ ಸೇರಬೇಕು, ಓಪನ್ ಆಫೀಸ್ ಎಂಬ ಹೆಸರನ್ನು ಪ್ರತಿಷ್ಠಾನಕ್ಕೆ ಕೊಡಬೇಕು ಎಂದು ಆರಕಲ್ ಕಂಪನಿಯನ್ನು ಕೇಳಿಕೊಂಡರು. ಉತ್ತರ ಬರುವವರೆಗೆ ಇರಲೆಂದು ‘ಲಿಬ್ರೆ ಆಫೀಸ್’ ಎಂಬ ತಾತ್ಕಾಲಿಕ ಹೆಸರನ್ನಿಟ್ಟುಕೊಂಡರು. ಕಂಪನಿ ಹೆಸರನ್ನು ಅವರಿಗೆ ಕೊಡಲಿಲ್ಲ. ಬದಲಾಗಿ, ಹೊಸ ಪ್ರತಿಷ್ಠಾನದಲ್ಲಿರುವವರು ಹಳೆಯ ಸಮುದಾಯ ಮಂಡಳಿಯನ್ನು ಬಿಡಬೇಕೆಂದು ಅಕ್ಟೋಬರ್‌ನಲ್ಲಿ ಕಂಪನಿಯ ಕಡೆಯವರು ಕೇಳಿದರು. ತಾತ್ಕಾಲಿಕವಾಗಿದ್ದ ಹೆಸರೇ ಶಾಶ್ವತವಾಯಿತು.

೨೦೧೧ರ ಜನವರಿ ೨೫ರಂದು ಲಿಬ್ರೆ ಆಫೀಸಿನ ಮೊದಲ ಸ್ಥಿರ ಆವೃತ್ತಿ ಹೊರಬಂದಿತು. ಜರ್ಮನಿಯ ಕಾಯಿದೆಯಂತೆ ಪ್ರತಿಷ್ಠಾನವನ್ನು ಕಟ್ಟಲು ಮೂಲಧನವಾಗಿ ೫೦,೦೦೦ ಯೂರೊ ಬೇಕಾಗಿತ್ತು. ಫೆಬ್ರವರಿಯಲ್ಲಿ ಬಳಕೆದಾರರಲ್ಲಿ ಬೇಡಿದಾಗ ಅಷ್ಟು ಹಣವು ಕೇವಲ ೮ ದಿನಗಳಲ್ಲಿ ಕೂಡಿತು. ೨೦೧೨ರ ಫೆಬ್ರವರಿಯಲ್ಲಿ ಬರ್ಲಿನ್ನಿನಲ್ಲಿ ಪ್ರತಿಷ್ಠಾನವು ಕಾಯಿದೆಬದ್ಧವಾಗಿ ಸ್ಥಾಪಿತವಾಯಿತು. ಈ ನಡುವೆ ಆರಕಲ್ ಕಂಪನಿಯು ೨೦೧೧ರ ಜೂನ್‌ನಲ್ಲಿ ಓಪನ್ ಆಫೀಸನ್ನು ಹೆಸರಿನ ಸಮೇತ ಅಪಾಚೆ ಪ್ರತಿಷ್ಠಾನಕ್ಕೆ ಒಪ್ಪಿಸಿತು. ಹೀಗೆ ಒಂದೇ ಕುಟುಂಬದ ಎರಡು ಶಾಖೆಗಳು ಎರಡು ಮನೆಗಳನ್ನು ಸೇರಿದವು.

ಏನು ಬಂದಿತು, ಏನು ಬರಲಿಲ್ಲ?

ಈ ವಿಭಾಗದಲ್ಲಿ ನಾಲ್ಕು ಸಂಗತಿಗಳನ್ನು ಬೇರೆ ಬೇರೆಯಾಗಿ ನೋಡಬೇಕು.

೧. ಮೂಲಬರಹ. ಇದು ಯಾವ ತಡೆಯೂ ಇಲ್ಲದೆ ಹೊಸ ಮನೆಗೆ ಬಂದಿತು. ಹೊಲವನ್ನು ಹಂಚಿದರೆ ತುಂಡಾಗುತ್ತದೆ. ಮೂಲಬರಹವನ್ನು ಹಂಚಿದರೆ ಇಬ್ಬರಿಗೂ ಇಡಿಯಾಗಿಯೇ ದೊರೆಯುತ್ತದೆ. ಕನ್ನಡದ ಅನುವಾದದ ಸಾಲುಗಳೂ ಅದರೊಂದಿಗೆ ಬಂದವು. ಆದರೆ ಹಿಂದೆ ಬರೆದುಕೊಟ್ಟ ಜಂಟಿ ಹಕ್ಕಿನ ಫಲವೂ ಇಲ್ಲಿ ಕಾಣಿಸಿತು. ಆ ಹಕ್ಕು ಕೈಯಲ್ಲಿದ್ದುದರಿಂದಲೇ ಆರಕಲ್ ಕಂಪನಿಯು ಯಾರನ್ನೂ ಕೇಳದೆ ಹಳೆಯ ಬರಹವನ್ನು ಅಪಾಚೆ ಪರವಾನಗಿಯ ಕೆಳಗೆ ಕೊಡಲು ಸಾಧ್ಯವಾಯಿತು. ಲಿಬ್ರೆ ಆಫೀಸಿನವರು ಆ ಅನುಭವದಿಂದ ಪಾಠ ಕಲಿತರು. ಅಲ್ಲಿ ಬರೆದವರ ಕೃತಿಸ್ವಾಮ್ಯವು ಬರೆದವರಲ್ಲಿಯೇ ಉಳಿಯುತ್ತದೆ. ಅವರು ಪರವಾನಗಿಯನ್ನಷ್ಟೇ ಕೊಡುತ್ತಾರೆ. ಎರಡು ಪರವಾನಗಿಗಳ ಭೇದದಿಂದಾಗಿ ಅಪಾಚೆಯ ಬರಹವನ್ನು ಲಿಬ್ರೆ ಆಫೀಸಿನವರು ತೆಗೆದುಕೊಳ್ಳಬಹುದಾಗಿತ್ತು, ಲಿಬ್ರೆ ಆಫೀಸಿನ ಬರಹವನ್ನು ಅಪಾಚೆಯವರು ತೆಗೆದುಕೊಳ್ಳುವಂತಿರಲಿಲ್ಲ. ನೀರು ಒಂದೇ ಕಡೆಗೆ ಹರಿಯತೊಡಗಿತು.

೨. ಹೆಸರು. ಇದು ಬರಲಿಲ್ಲ. ಹತ್ತು ವರ್ಷ ದುಡಿದು ಹೆಸರಿಗೆ ಬೆಲೆ ತಂದವರು ಅನೇಕರು. ಕಾಯಿದೆಯ ಪ್ರಕಾರ ಅದರ ಒಡೆಯನು ಒಬ್ಬನೇ. ಹೆಸರಿನ ಬಲವೆಷ್ಟೆಂಬುದಕ್ಕೆ ಒಂದು ಲೆಕ್ಕ ಸಾಕು: ೨೦೧೪ರ ಏಪ್ರಿಲ್ ಹೊತ್ತಿಗೆ ಅಪಾಚೆಯ ಓಪನ್ ಆಫೀಸ್ ೧೦ ಕೋಟಿ ಸಲ ಜಾಲದಿಂದ ಇಳಿಸಲ್ಪಟ್ಟಿತ್ತು. ಜನ ಹಳೆಯ ಹೆಸರನ್ನು ಹುಡುಕಿಕೊಂಡು ಹಳೆಯ ಬಾಗಿಲಿಗೇ ಹೋಗುತ್ತಿದ್ದರು.

೩. ಕೀಲಿಕೈಗಳು. ಜಾಲದ ವಿಳಾಸ, ಬರಹವನ್ನಿಟ್ಟ ಯಂತ್ರಗಳು, ಪಾಸ್‌ವರ್ಡುಗಳು ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಇವೂ ಹಳೆಯ ಮನೆಯಲ್ಲಿಯೇ ಉಳಿದವು. ಹೊಸಬರು ಹೊಸದಾಗಿ ಕಟ್ಟಿಕೊಳ್ಳಬೇಕಾಯಿತು. ಇವುಗಳ ಬೆಲೆ ಹಣದಲ್ಲಿ ಅಲ್ಪ. ಆದರೆ ಇವಿಲ್ಲದೆ ಒಂದು ದಿನವೂ ಕೆಲಸ ನಡೆಯಲಾರದು. ನಮ್ಮ ಪಂಪಿನ ಕೋಣೆಯ ಕೀಲಿಕೈಗೆ ಪೇಟೆಯಲ್ಲಿ ಏನು ಬೆಲೆ?

೪. ಕೆಲಸದ ಕೈಗಳು. ಮೂಲಬರಹವನ್ನು ಹಂಚಿದರೆ ಕಡಿಮೆಯಾಗದೆಂದೆನಷ್ಟೆ. ಕಡಿಮೆಯಾಗುವುದು ಇದು. ಒಬ್ಬನು ಎರಡು ಮನೆಗಳಲ್ಲಿ ಪೂರ್ಣವಾಗಿ ದುಡಿಯಲಾರನು. ಕೆಲಸಗಾರರನ್ನು ಪರವಾನಗಿಯಿಂದಾಗಲಿ ಹಣದಿಂದಾಗಲಿ ಮಾತ್ರ ಕರೆತರಲಾಗದು, ವಿಶ್ವಾಸದಿಂದ ಕರೆತರಬೇಕು. ಹೆಚ್ಚಿನವರು ಲಿಬ್ರೆ ಆಫೀಸಿನ ಕಡೆಗೆ ಬಂದರು. ೨೦೧೧ರ ಏಪ್ರಿಲ್‌ನಲ್ಲಿ ಬಂದ ಉಬುಂಟು ಆವೃತ್ತಿಯಲ್ಲಿ ಓಪನ್ ಆಫೀಸಿನ ಸ್ಥಾನದಲ್ಲಿ ಲಿಬ್ರೆ ಆಫೀಸೇ ಇತ್ತು. ಹೆಸರನ್ನು ಉಳಿಸಿಕೊಂಡ ಮನೆಯಲ್ಲಿ ೨೦೧೬ರಲ್ಲಿ, ಕೆಲಸಗಾರರು ಸಾಲದೆ, ಯೋಜನೆಯನ್ನು ನಿಲ್ಲಿಸಬೇಕಾದೀತೇ ಎಂಬ ಚರ್ಚೆ ಎದ್ದಿತು. ಅದು ನಿಲ್ಲಲಿಲ್ಲ, ಸಣ್ಣಪುಟ್ಟ ತಿದ್ದುಪಡಿಯ ಆವೃತ್ತಿಗಳು ಅನಂತರವೂ ಬಂದಿವೆ. ಆದರೂ ಹೆಸರು ಒಂದು ಕಡೆ, ಕೈಗಳು ಒಂದು ಕಡೆ ಆದರೆ ಏನಾಗುತ್ತದೆಂಬುದನ್ನು ಇದರಿಂದ ಊಹಿಸಬಹುದು.

ಹೊಸ ಮನೆಯನ್ನು ಕಟ್ಟಿದವರು ಇನ್ನೊಂದು ಎಚ್ಚರವನ್ನೂ ವಹಿಸಿದರು. ಪ್ರತಿಷ್ಠಾನದ ನಿರ್ದೇಶಕರನ್ನು ಕೆಲಸ ಮಾಡಿದ ಸದಸ್ಯರೇ ಚುನಾಯಿಸುತ್ತಾರೆ. ಯಾವ ಒಂದು ಕಂಪನಿಯ ನೌಕರರೂ ಆ ಮಂಡಳಿಯಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚಾಗಿರುವಂತಿಲ್ಲ. ಅಂದರೆ ಮನೆ ಮಾರಾಟವಾಗುವ ಭಯವಿಲ್ಲ. ಏಕೆಂದರೆ ಅದಕ್ಕೆ ಮಾರುವ ಯಜಮಾನನೇ ಇಲ್ಲ.

ಕನ್ನಡಿಗರಿಗೆ ಇದರಿಂದೇನು?

ಇದು ದೂರದ ಜರ್ಮನಿಯ, ಅಮೆರಿಕದ ಜಗಳವೆಂದು ನಾವು ಸುಮ್ಮನಿರುವಂತಿಲ್ಲ. ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳನ್ನು ನೋಡಿ. ಕೇರಳ ಸರ್ಕಾರವು ‘ಐಟಿ ಅಟ್ ಸ್ಕೂಲ್’ ಯೋಜನೆಯ ಮೂಲಕ ತನ್ನ ಶಾಲೆಗಳ ಗಣಕ ಶಿಕ್ಷಣವನ್ನು ಮುಕ್ತ ತಂತ್ರಾಂಶದ ಮೇಲೆ ನಿಲ್ಲಿಸಿತು. ಆ ಯೋಜನೆಯೂ ಮುಂದೆ ಮನೆ ಬದಲಿಸಿ, ೨೦೧೭ರಲ್ಲಿ ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಯಿತು. ಅಲ್ಲಿನ ಗಣಕ ಪಠ್ಯಪುಸ್ತಕಗಳು ಮಲಯಾಳ, ಇಂಗ್ಲಿಷ್, ತಮಿಳುಗಳೊಂದಿಗೆ ಕನ್ನಡದಲ್ಲಿಯೂ ಅಚ್ಚಾಗುತ್ತವೆ. ಪತ್ರ ಬರೆಯಲೂ ಕೋಷ್ಟಕ ಮಾಡಲೂ ಮಕ್ಕಳು ಕಲಿಯುವುದು ಲಿಬ್ರೆ ಆಫೀಸನ್ನೇ. ಯಜಮಾನರ ಜಗಳದಲ್ಲಿ ತಂತ್ರಾಂಶವು ಮುಚ್ಚಿಹೋಗಿದ್ದರೆ ಆ ಮಕ್ಕಳ ಪಾಠವೂ ನಿಲ್ಲುತ್ತಿತ್ತು. ಹಾಗಾಗದಿರಲು ಕಡತಗಳ ರಚನಾಕ್ರಮವೂ ಸಹಾಯಕವಾಯಿತು. ಆ ಕ್ರಮವನ್ನು ೨೦೦೬ರಲ್ಲಿಯೇ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ಅಂಗೀಕರಿಸಿತ್ತಾದುದರಿಂದ, ಅದು ಯಾವ ಒಂದು ಮನೆಯ ಸೊತ್ತೂ ಆಗಿರಲಿಲ್ಲ. ಹಳೆಯ ತಂತ್ರಾಂಶದಲ್ಲಿ ಬರೆದುದು ಹೊಸದರಲ್ಲಿಯೂ ತೆರೆಯುತ್ತಿತ್ತು.

ಕನ್ನಡದಂತಹ ಭಾಷೆಗೆ ಇದರಲ್ಲಿ ವಿಶೇಷವಾದ ಹಿತವಿದೆ. ಲಾಭವನ್ನೇ ಲೆಕ್ಕ ಹಾಕುವ ಕಂಪನಿಗೆ ಕನ್ನಡದ ಅನುವಾದವು ಭಾರವಾಗಿ ಕಂಡು, ಒಂದು ದಿನ ಅದನ್ನು ಕೈಬಿಟ್ಟರೆ ಕೇಳುವವರಾರು? ಮೂಲಬರಹದಲ್ಲಿ ಜನ್ಮದ ಹಕ್ಕಿದ್ದರೆ ಮಾತ್ರ, ಬೇರೆಯವರು ಕೈಬಿಟ್ಟುದನ್ನು ನಾವು ಎತ್ತಿಕೊಳ್ಳಬಹುದು.

ನಮ್ಮದೇ ಒಂದು ತಪ್ಪು

ಈಗ ನಮ್ಮ ಗುಂಪಿನ ಮಾತು. ಮೂರು ವರ್ಷಗಳ ಹಿಂದೆ ನಾವು ಐದಾರು ಮಂದಿ ವಿದ್ಯಾರ್ಥಿಗಳು ನಮ್ಮ ಸೀಮೆಯ ಆಡುಮಾತಿನ ಶಬ್ದಗಳನ್ನು ಕೂಡಿಹಾಕತೊಡಗಿದೆವು. ರಂಟೆ, ಕುಂಟೆ, ಕೂರಿಗೆಗಳ ಒಂದೊಂದು ಭಾಗಕ್ಕೂ ಒಂದೊಂದು ಹೆಸರಿದೆ. ಉರ್ದು, ಮರಾಠಿಗಳಿಂದ ಬಂದು ಕನ್ನಡವೇ ಆಗಿಹೋದ ಮಾತುಗಳಿವೆ. ಶಬ್ದವನ್ನು ಹುಡುಕಲು ಬರುವಂತೆ ನಮ್ಮಲ್ಲೊಬ್ಬ ಹಿರಿಯ ವಿದ್ಯಾರ್ಥಿ ಚಿಕ್ಕದೊಂದು ತಂತ್ರಾಂಶವನ್ನೂ ಬರೆದನು. ಎಲ್ಲವೂ ಅವನ ಸ್ವಂತ ಖಾತೆಯಲ್ಲಿತ್ತು. ಅವನು ಪದವಿ ಮುಗಿಸಿ ಪುಣೆಗೆ ಕೆಲಸಕ್ಕೆ ಹೋದನು. ಅಲ್ಲಿ ಅವನ ಮೊಬೈಲು ಕಳೆದು, ಸಂಖ್ಯೆ ಬದಲಾಗಿ, ಆ ಖಾತೆ ಅವನಿಗೂ ತೆರೆಯದಾಯಿತು. ಅವನದು ಮೋಸವಲ್ಲ, ನಮ್ಮೆಲ್ಲರ ಅಲಕ್ಷ್ಯ. ಆಯತಪ್ಪಿ ನನ್ನಲ್ಲಿ ಉಳಿದಿದ್ದ ನಾಲ್ಕು ತಿಂಗಳು ಹಿಂದಿನ ಪ್ರತಿಯಿಂದ ಪಟ್ಟಿಯನ್ನು ಮತ್ತೆ ಎಬ್ಬಿಸಿದೆವು. ಸುಮಾರು ೩೦೦ ಶಬ್ದಗಳು ಹೋದವು. ಅವುಗಳಲ್ಲಿ ಹಲವು, ನಮ್ಮ ಓಣಿಯ ಒಬ್ಬ ಮುದುಕಿ ಬೀಸುವ ಕಲ್ಲಿನ ಮುಂದೆ ಕುಳಿತು ಹೇಳಿದವು. ಮತ್ತೆ ಕೇಳೋಣವೆಂದರೆ ಆಕೆ ಈಗ ಇಲ್ಲ.

ಬೀದರಿನಲ್ಲಿ ಮಹಮೂದ್ ಗವಾನನು ೧೪೭೨ರಲ್ಲಿ ಕಟ್ಟಿಸಿದ ಮದರಸಾವನ್ನು ನಾವೆಲ್ಲರೂ ನೋಡಿದ್ದೇವೆ. ಅಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದುವೆಂದು ಹೇಳುತ್ತಾರೆ. ೧೬೯೬ರಲ್ಲಿ ಒಳಗಿದ್ದ ಮದ್ದು ಸಿಡಿದು ಕಟ್ಟಡದ ದೊಡ್ಡ ಭಾಗ ಹಾಳಾಯಿತು. ಒಡೆದ ಆ ಗೋಡೆಯ ಮುಂದೆ ನಿಂತಾಗಲೆಲ್ಲ ಒಂದೇ ಮನೆಯಲ್ಲಿ ಒಂದೇ ಪ್ರತಿಯನ್ನಿಡುವುದರ ಅಪಾಯವು ನನಗೆ ನೆನಪಾಗುತ್ತದೆ.

ಈ ವರ್ಷ ನಾವು ಶಬ್ದಪಟ್ಟಿಯ ಮನೆಯನ್ನು ಬದಲಿಸಿದೆವು. ಮೊದಲು, ಶಬ್ದ ಕೂಡಿಸಿದವರೆಲ್ಲರ ಒಪ್ಪಿಗೆ ಪಡೆದು, ಯಾರು ಬೇಕಾದರೂ ಬಳಸಿ ತಿದ್ದಿ ಹಂಚಬಹುದೆಂಬ ಪರವಾನಗಿಯನ್ನು ಬರೆದಿಟ್ಟೆವು. ಎರಡನೆಯದಾಗಿ, ಪಟ್ಟಿಯ ಹೆಸರು ಯಾವ ವಿದ್ಯಾರ್ಥಿಯದೂ ಅಲ್ಲ, ಕಾಲೇಜಿನ ಕನ್ನಡ ಸಂಘದ್ದು ಎಂದು ಸಂಘದ ನಡವಳಿಕೆ ಪುಸ್ತಕದಲ್ಲಿ ದಾಖಲೆ ಮಾಡಿಸಿದೆವು. ಮೂರನೆಯದಾಗಿ, ಖಾತೆಯ ಪಾಸ್‌ವರ್ಡು ಮೂವರಲ್ಲಿದೆ, ಅವರಲ್ಲೊಬ್ಬರು ಅಧ್ಯಾಪಕರು. ಅಂತಿಮ ವರ್ಷದವನು ಹೊರಡುವ ಮುನ್ನ ತನ್ನ ಸ್ಥಾನಕ್ಕೆ ಮೊದಲ ವರ್ಷದವರೊಬ್ಬರನ್ನು ನಿಲ್ಲಿಸಿ ಹೋಗಬೇಕು. ನಾಲ್ಕನೆಯದಾಗಿ, ಪ್ರತಿ ತಿಂಗಳೂ ಒಂದು ಪ್ರತಿ ಗ್ರಂಥಾಲಯದ ಗಣಕಯಂತ್ರಕ್ಕೆ ಹೋಗುತ್ತದೆ. ಹಳೆಯ ಮಿತ್ರನನ್ನೂ ಬಿಡಲಿಲ್ಲ. ಅವನು ಪುಣೆಯಿಂದಲೇ ಆ ತಂತ್ರಾಂಶವನ್ನು ಈಗಲೂ ತಿದ್ದುತ್ತಿದ್ದಾನೆ. ಕೈಗಳನ್ನು ಕಳೆದುಕೊಂಡು ಕೀಲಿಕೈಗಳನ್ನು ಗೆದ್ದರೆ ಫಲವಿಲ್ಲವೆಂಬುದನ್ನು ಮೇಲಿನ ಇತಿಹಾಸದಿಂದಲೇ ಕಲಿತೆವು.

ವಿದ್ಯಾರ್ಥಿಮಿತ್ರರಲ್ಲಿ ನನ್ನ ಬಿನ್ನಹವಿಷ್ಟೇ. ನೀವು ಕೂಡಿ ಮಾಡುವ ಯಾವ ಕೆಲಸವೇ ಇರಲಿ, ಸ್ನೇಹವಿರುವಾಗಲೇ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ: ಬರಹ ಯಾರದು, ಹೆಸರು ಯಾರದು, ಕೀಲಿಕೈ ಯಾರಲ್ಲಿದೆ, ನಾಳೆ ದುಡಿಯುವವರು ಯಾರು? ಜಗಳದ ದಿನ ಕೇಳಿದರೆ ಇವೇ ಪ್ರಶ್ನೆಗಳು ಆರೋಪಗಳಾಗುತ್ತವೆ.

ನಮ್ಮ ಬಾವಿಯ ಮಾತನ್ನು ಅರ್ಧಕ್ಕೆ ಬಿಟ್ಟಿದ್ದೆ. ಮೀಟರು ಇಂದಿಗೂ ಕಾಕಾನವರ ಹೆಸರಿನಲ್ಲಿಯೇ ಇದೆ. ಆದರೆ ಹದಿಮೂರನೆಯ ದಿನ ಮುತ್ಯಾ ತಾನೇ ಬಸವಕಲ್ಯಾಣಕ್ಕೆ ಹೋಗಿ, ಪಂಪಿನ ಕೋಣೆಗೆ ಎರಡನೆಯ ಕೀಲಿಕೈಯನ್ನು ಮಾಡಿಸಿ ತಂದು ನಮ್ಮ ಅವ್ವನ ಕೈಗೆ ಕೊಟ್ಟನು. ಆಮೇಲೆ ನೀರಿಗಾಗಿ ನಮ್ಮಲ್ಲಿ ಜಗಳವಾಗಿಲ್ಲ.